ಶಿಲೀಂಧ್ರ ಬಂದದ್ದು ಗಿಡಕ್ಕೆ ಹೇಗೆ ಗೊತ್ತಾಗುತ್ತೆ? ಜೀವಕೋಶದ ಗ್ರಾಹಕಗಳ ಬಗ್ಗೆ ಒಂದು ಪಾಠ



ಮಳೆಗಾಲ ಶುರುವಾದರೆ ಸಾಕು, ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಒಂದು: "ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೆ ಅಂತ ತಂದು ಹೊಡೆದೆ, ಆದ್ರೂ ಭತ್ತದ ಬೆಂಕಿ ರೋಗ ನಿಲ್ಲಲಿಲ್ಲ. ಯಾಕೆ?" ಎರಡು: "ಈ ತಳಿಗೆ ರೋಗ ಬರಲ್ಲ ಅಂದಿದ್ರು. ಕೆಲವು ವರ್ಷ ಬರಲೂ ಇಲ್ಲ. ಈಗ ಬಂದಿದೆಯಲ್ಲ, ಬೀಜ ಕೆಟ್ಟಿದೆಯಾ?" ಮೂರು: "ಕಾಫಿಯ ಕೊಳೆರೋಗಕ್ಕೆ ಕೆಲಸ ಮಾಡಿದ ಔಷಧಿ ಅಡಿಕೆ ಕೊಳೆಗೆ ಯಾಕೆ ಕೆಲಸ ಮಾಡಲ್ಲ?"

ಮೂರೂ ಬೇರೆ ಬೇರೆ ಪ್ರಶ್ನೆ ಅನ್ನಿಸುತ್ತೆ. ಆದರೆ ಮೂರಕ್ಕೂ ಉತ್ತರ ಹುಡುಕಲು ಹೊರಟರೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತೇವೆ: ಗಿಡ ತನ್ನ ಶತ್ರುವನ್ನು ಗುರುತಿಸುವ ರೀತಿ. ಈ ವಾರ ಅದನ್ನೇ ನಿಧಾನವಾಗಿ ನೋಡೋಣ. ಸ್ವಲ್ಪ ವಿಜ್ಞಾನ ಇದೆ, ಹೆದರಬೇಡಿ. ಇದು ಅರ್ಥವಾದರೆ ಔಷಧಿ ಅಂಗಡಿಯಲ್ಲಿ ಖರ್ಚಾಗುವ ದುಡ್ಡಿನಲ್ಲಿ ಒಂದಷ್ಟು ಖಂಡಿತ ಉಳಿಯುತ್ತೆ.

ಗ್ರಾಹಕ ಅಂದ್ರೆ ಏನು?

ಇಲ್ಲಿ ಗ್ರಾಹಕ ಅಂದ್ರೆ ಅಂಗಡಿಗೆ ಬರುವ ಗಿರಾಕಿ ಅಲ್ಲ, ರಿಸೆಪ್ಟರ್. ಜೀವಕೋಶದ ಹೊರಪೊರೆಯಲ್ಲಿ ಅಥವಾ ಕೋಶದ ಒಳಗೆ ಇರುವ ಒಂದು ಪ್ರೋಟೀನ್. ಅದಕ್ಕೆ ಒಂದು ನಿರ್ದಿಷ್ಟ ಆಕಾರ ಇರುತ್ತೆ. ಆ ಆಕಾರಕ್ಕೆ ಹೊಂದುವ ವಸ್ತು ಬಂದು ಅಂಟಿಕೊಂಡರೆ ಕೋಶದ ಒಳಗೆ ಸುದ್ದಿ ಮುಟ್ಟುತ್ತೆ. ಬೇರೆ ವಸ್ತು ಬಂದರೆ ಅದು ಸುಮ್ಮನೆ ಇರುತ್ತೆ.

ಮನೆ ನಾಯಿಯನ್ನು ನೆನಪಿಸಿಕೊಳ್ಳಿ. ಮನೆಯೊಳಗೆ ಹತ್ತು ಜನ ಗಟ್ಟಿ ಆಳುಗಳು ಮಲಗಿರಬಹುದು, ಮೂಲೆಯಲ್ಲಿ ದೊಣ್ಣೆಯೂ ಇರಬಹುದು. ನಾಯಿ ಬೊಗಳದಿದ್ದರೆ ಯಾರೂ ಏಳಲ್ಲ, ಕಳ್ಳ ತನ್ನ ಕೆಲಸ ಮುಗಿಸಿಕೊಂಡು ಹೋಗ್ತಾನೆ. ಗಿಡದ ಕಥೆಯೂ ಹಾಗೇ. ಶಿಲೀಂಧ್ರವನ್ನು ಕೊಲ್ಲುವ ಸಾಮಗ್ರಿ ಬಹುತೇಕ ಎಲ್ಲ ಗಿಡಗಳಲ್ಲೂ ಇದೆ. ಅದು ಹೊರಗೆ ಬರುತ್ತಾ, ಎಷ್ಟು ಬೇಗ ಬರುತ್ತೆ, ಎಷ್ಟು ಜೋರಾಗಿ ಬರುತ್ತೆ ಅನ್ನೋದು ಮೊದಲು ಗುರುತಿಸುವ ಈ ಗ್ರಾಹಕಗಳ ಮೇಲೆ ನಿಂತಿದೆ.

ನಮ್ಮ ದೇಹಕ್ಕೂ ಗಿಡಕ್ಕೂ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಬಿಳಿ ರಕ್ತಕಣಗಳು ರಕ್ತದ ಜೊತೆ ಊರೆಲ್ಲ ಗಸ್ತು ತಿರುಗುತ್ತವೆ. ಅವುಗಳಲ್ಲಿ ಕೆಲವು 'ಡೆಕ್ಟಿನ್ 1' ಎಂಬ ಗ್ರಾಹಕದಿಂದ ಶಿಲೀಂಧ್ರದ ಮೈಮೇಲಿನ ಬೀಟಾ ಗ್ಲುಕಾನ್ ಎಂಬ ಸಕ್ಕರೆ ಸರಪಳಿಯನ್ನು ಗುರುತು ಹಿಡಿಯುತ್ತವೆ. ಇದು ಗೊತ್ತಾಗಿದ್ದು 2001ರಲ್ಲಿ. ಗಿಡಕ್ಕೆ ರಕ್ತವೂ ಇಲ್ಲ, ಗಸ್ತು ತಿರುಗುವ ಕೋಶವೂ ಇಲ್ಲ. ಹಾಗಾಗಿ ಎಲೆಯ ಪ್ರತಿ ಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಒಂದು ಎಲೆಗೆ ಸಿಂಪಡಿಸಿದ್ದು ನಾಳೆ ಹುಟ್ಟುವ ಇನ್ನೊಂದು ಎಲೆಯನ್ನು ಪೂರ್ತಿ ಕಾಪಾಡುತ್ತೆ ಅಂತ ನಂಬಿ ಕೂರಬೇಡಿ ಅನ್ನೋದು ಇದಕ್ಕೇ.

ಮೊದಲ ಕಾವಲು: ಕೈಟಿನ್ ವಾಸನೆ

ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತೆ. ಏಡಿ, ಸಿಗಡಿಯ ಚಿಪ್ಪಿನಲ್ಲಿ, ಹುಳುಗಳ ಗಟ್ಟಿ ಹೊರಮೈಯಲ್ಲಿ ಇರೋದೂ ಇದೇ. ಗಿಡದ ಮೈಯಲ್ಲಿ ಕೈಟಿನ್ ಇಲ್ಲ. ಹಾಗಾಗಿ ಕೈಟಿನ್ ಸಿಕ್ಕಿತು ಅಂದ್ರೆ ಹೊರಗಿನವರು ಬಂದಿದ್ದಾರೆ ಅಂತಲೇ ಲೆಕ್ಕ.

ಭತ್ತದಲ್ಲಿ ಇದು ಹೇಗೆ ನಡೆಯುತ್ತೆ ಅಂತ ಚೆನ್ನಾಗಿ ಅಧ್ಯಯನ ಆಗಿದೆ. ಗಿಡ ಕೈಟಿನೇಸ್ ಎಂಬ ಕಿಣ್ವವನ್ನು ಹೊರಬಿಡುತ್ತೆ. ಅದು ಶಿಲೀಂಧ್ರದ ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿ ಚೂರು ಮಾಡುತ್ತೆ. ಆ ಚೂರುಗಳನ್ನು ಕೋಶದ ಹೊರಮೈಯಲ್ಲಿರುವ 'ಸೀಬಿಪ್' ಎಂಬ ಗ್ರಾಹಕ ಹಿಡಿಯುತ್ತೆ. ಜಪಾನಿನ ವಿಜ್ಞಾನಿಗಳು ಇದನ್ನು 2006ರಲ್ಲಿ ಪತ್ತೆ ಮಾಡಿದರು. ಸೀಬಿಪ್‌ಗೆ ಹಿಡಿಯೋದು ಗೊತ್ತು, ಒಳಗೆ ಹೇಳೋದು ಗೊತ್ತಿಲ್ಲ. ಸುದ್ದಿಯನ್ನು ಒಳಗೆ ಮುಟ್ಟಿಸಲು 'ಸರ್ಕ್ 1' ಎಂಬ ಇನ್ನೊಂದು ಗ್ರಾಹಕ ಜೊತೆಯಾಗಬೇಕು.

ಸುದ್ದಿ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಕೋಶವು ಶಿಲೀಂಧ್ರಕ್ಕೆ ಕಂಟಕವಾಗುವ ಆಮ್ಲಜನಕದ ರೂಪಗಳನ್ನು ಹೊರಹಾಕುತ್ತೆ. ಕೆಲವು ಗಂಟೆಗಳಲ್ಲಿ ದಾಳಿಯಾದ ಜಾಗದ ಗೋಡೆಗೆ ಒಳಗಿನಿಂದ ತೇಪೆ ಹಾಕುತ್ತೆ. ಇನ್ನಷ್ಟು ಕೈಟಿನೇಸ್, ಶಿಲೀಂಧ್ರಕ್ಕೆ ವಿಷವಾಗುವ ಇತರ ರಾಸಾಯನಿಕಗಳು ತಯಾರಾಗುತ್ತವೆ.

ಇನ್ನೊಂದು ಸ್ವಾರಸ್ಯ. ಬೇರಿನಲ್ಲಿ ವಾಸಿಸಿ ರಂಜಕ ತಂದುಕೊಡುವ ಮೈಕೊರೈಜಾ ಕೂಡ ಶಿಲೀಂಧ್ರವೇ, ಅದರಲ್ಲೂ ಕೈಟಿನ್ ಇದೆ. ಅದನ್ನು ಗಿಡ ಯಾಕೆ ಓಡಿಸಲ್ಲ? ಮೈಕೊರೈಜಾ ಹೊರಬಿಡುವುದು ಮುಖ್ಯವಾಗಿ ನಾಲ್ಕೈದು ಕೊಂಡಿಗಳ ಗಿಡ್ಡ ಚೂರು. ಏಳೆಂಟು ಕೊಂಡಿಗಳ ಉದ್ದ ಚೂರು ಸಿಕ್ಕಾಗ ರಕ್ಷಣೆಯ ಕೂಗು ಜೋರಾಗಿ ಏಳುತ್ತೆ. ಭತ್ತದಲ್ಲಿ ಎರಡೂ ಕಡೆ ಕೆಲಸ ಮಾಡೋದು ಅದೇ ಸರ್ಕ್ 1. ನೆಂಟರೋ ಕಳ್ಳರೋ ಅಂತ ಕಾಲಿನ ಸಪ್ಪಳದಲ್ಲೇ ತಿಳಿಯುವ ನಾಯಿ ಇದು.

ಶಿಲೀಂಧ್ರವೂ ಸುಮ್ಮನೆ ಕೂರಲ್ಲ

ಬೆಂಕಿ ರೋಗದ ಶಿಲೀಂಧ್ರದ ಬೀಜಕಣ ಒದ್ದೆ ಎಲೆ ಮೇಲೆ ಬಿದ್ದ ಕೆಲವೇ ಗಂಟೆಗಳಲ್ಲಿ ಮೊಳೆಯುತ್ತೆ. ತುದಿಯಲ್ಲಿ ಗುಮ್ಮಟದಂಥ ಒಂದು ಗುಳ್ಳೆ ಕಟ್ಟುತ್ತೆ. ಅದರೊಳಗಿನ ಒತ್ತಡ ಕಾರಿನ ಚಕ್ರದ ಗಾಳಿಯ ಒತ್ತಡಕ್ಕಿಂತ ಸುಮಾರು 40 ಪಟ್ಟು. ಆ ಒತ್ತಡದಲ್ಲಿ ಎಲೆಯ ಮೇಲ್ಮೈಯನ್ನು ತೂತು ಮಾಡಿ ಒಳಗೆ ಹೋಗುತ್ತೆ.

ಒಳಗೆ ಹೋದ ಮೇಲೆ ಅದು ಮಾಡುವ ಮೊದಲ ಕೆಲಸವೇ ಗುರುತು ಮರೆಸೋದು. ತನ್ನ ಗೋಡೆಯ ಹೊರಭಾಗಕ್ಕೆ ಆಲ್ಫಾ ಗ್ಲುಕಾನ್ ಎಂಬ, ಗಿಡದ ಕಿಣ್ವಗಳಿಗೆ ಸುಲಭವಾಗಿ ತುಂಡಾಗದ ಲೇಪ ಹಚ್ಚಿಕೊಳ್ಳುತ್ತೆ. ಅದರ ಜೊತೆಗೆ 'ಎಸ್‌ಎಲ್‌ಪಿ 1' ಎಂಬ ಪ್ರೋಟೀನನ್ನು ಬಿಡುತ್ತೆ. ಉದುರಿದ ಕೈಟಿನ್ ಚೂರುಗಳು ಸೀಬಿಪ್‌ಗೆ ಸಿಗುವ ಮೊದಲೇ ಈ ಪ್ರೋಟೀನ್ ಅವನ್ನು ಬಾಚಿಕೊಳ್ಳುತ್ತೆ. ಟೊಮ್ಯಾಟೊ ಎಲೆ ಬೂಸ್ಟಿನ ಶಿಲೀಂಧ್ರದಲ್ಲೂ ಇದೇ ಕೆಲಸ ಮಾಡುವ ಪ್ರೋಟೀನ್ ಇದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಮಾರುಕಟ್ಟೆಯಲ್ಲಿ ಸಿಗುವ ಚಿಟೋಸಾನ್ ಅನ್ನು ಸಿಗಡಿ, ಏಡಿ ಚಿಪ್ಪಿನ ಕೈಟಿನ್‌ನಿಂದಲೇ ಮಾಡುತ್ತಾರೆ. ಅದು ಗಿಡದಲ್ಲಿ ರಕ್ಷಣೆಯನ್ನು ಎಬ್ಬಿಸುತ್ತೆ, ಇದು ನಿಜ. ಆದರೆ ಅದು ಕಳ್ಳ ಬರುವ ಮೊದಲೇ ನಾಯಿಯನ್ನು ಎಚ್ಚರಿಸುವ ಕೆಲಸ. ಎಲೆ ಮೇಲೆ ಕಣ್ಣಿನಾಕಾರದ ಚುಕ್ಕೆ ಕಾಣಿಸಿತು ಅಂದ್ರೆ ಶಿಲೀಂಧ್ರ ಒಳಗೆ ಬಂದು ಕೆಲವು ದಿನ ಆಗಿದೆ, ಗುರುತು ಮರೆಸಿಯೂ ಆಗಿದೆ. ಆಗ ಹೊಡೆದರೆ ಆ ಎಲೆ ವಾಸಿಯಾಗಲ್ಲ. ಔಷಧಿ ಸುಳ್ಳಲ್ಲ, ಹೊಡೆದ ಹೊತ್ತು ತಡವಾಯಿತು ಅಷ್ಟೆ.

ಎರಡನೇ ಕಾವಲು: ಕೋಶದ ಒಳಗೆ

ಶತ್ರು ಮೊದಲ ಕಾವಲನ್ನು ದಾಟಿದರೆ ಕೋಶದ ಒಳಗೆ ಇನ್ನೊಂದು ಗುಂಪು ಇದೆ. ಇವಕ್ಕೆ ಎನ್‌ಎಲ್‌ಆರ್ ಗ್ರಾಹಕಗಳು ಅಂತಾರೆ. ಭತ್ತದಲ್ಲಿ ಇಂಥ ಸುಮಾರು 500 ಜೀನ್‌ಗಳಿವೆ. ಇವು ಕೈಟಿನ್ ನೋಡಲ್ಲ. ಶಿಲೀಂಧ್ರ ಕೋಶದೊಳಗೆ ಕಳಿಸುವ ಒಂದೊಂದು ಪ್ರೋಟೀನನ್ನು, ಅಥವಾ ಆ ಪ್ರೋಟೀನ್ ಒಳಗೆ ಮಾಡಿದ ಹಾನಿಯನ್ನು ಗುರುತಿಸುತ್ತವೆ. ಗುರುತಿಸಿದರೆ ಉತ್ತರ ಬಹಳ ಕಠಿಣ. ದಾಳಿಗೊಳಗಾದ ಕೋಶ ತನ್ನನ್ನು ತಾನೇ ಸಾಯಿಸಿಕೊಳ್ಳುತ್ತೆ. ಜೀವಂತ ಕೋಶವೇ ಬೇಕಾದ ಶಿಲೀಂಧ್ರ ಅಲ್ಲೇ ಉಪವಾಸ ಬೀಳುತ್ತೆ. ರೋಗನಿರೋಧಕ ತಳಿಯ ಎಲೆಯಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಮೂಡಿ ಬೆಳೆಯದೆ ನಿಂತಿದ್ದರೆ, ಬಹಳ ಸಲ ಅದು ಗೆದ್ದ ಗುರುತು.

ಈ ಲೆಕ್ಕವನ್ನು ಮೊದಲು ಬಿಡಿಸಿದವರು ಅಮೆರಿಕದ ಎಚ್. ಎಚ್. ಫ್ಲೋರ್. ನಮ್ಮ ಉತ್ತರ ಕರ್ನಾಟಕದವರಿಗೆ ಗೊತ್ತಿರುವ ಅಗಸೆ ಬೆಳೆಯ ತುಕ್ಕು ರೋಗವನ್ನು ಅವರು ಅಲ್ಲಿನ ನಾರ್ತ್ ಡಕೋಟದಲ್ಲಿ ಅಧ್ಯಯನ ಮಾಡಿದರು. ಗಿಡದ ಒಂದೊಂದು ನಿರೋಧಕ ಜೀನ್‌ಗೂ ಶಿಲೀಂಧ್ರದಲ್ಲಿ ಸರಿಜೋಡಿಯಾದ ಒಂದು ಜೀನ್ ಇದೆ ಅಂತ 1940ರ ದಶಕದಲ್ಲಿ ತೋರಿಸಿದರು. ಆಗ ಗ್ರಾಹಕ ಅನ್ನೋ ಪ್ರೋಟೀನನ್ನು ಯಾರೂ ಕಂಡಿರಲಿಲ್ಲ.

ಒಂದಕ್ಕೆ ಒಂದು ಜೋಡಿ ಅನ್ನೋದೇ ಇದರ ಬಲ, ಇದರ ದೌರ್ಬಲ್ಯವೂ ಅದೇ. ಶಿಲೀಂಧ್ರ ಆ ಒಂದು ಪ್ರೋಟೀನನ್ನು ಬದಲಿಸಿಕೊಂಡರೆ, ಅಥವಾ ಬಿಟ್ಟೇಬಿಟ್ಟರೆ, ಗ್ರಾಹಕಕ್ಕೆ ಅದು ಕಾಣಿಸಲ್ಲ.

ನಮ್ಮ ಕಾಫಿ ತೋಟದ ಇತಿಹಾಸ

ಇದಕ್ಕೆ ಪುಸ್ತಕದ ಉದಾಹರಣೆ ಬೇಡ, ನಮ್ಮ ಮಲೆನಾಡಿನಲ್ಲೇ ಇದೆ. ಕಾಫಿ ಎಲೆ ತುಕ್ಕು ರೋಗ 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ಬೇಸಾಯವನ್ನೇ ಮುಗಿಸಿತು. ನಮ್ಮ ಕಡೆಯೂ ಅರೇಬಿಕಾ ತೋಟಗಳು ತತ್ತರಿಸಿದವು. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಒಂದು ತೋಟದಲ್ಲಿ ತುಕ್ಕು ತಾಗದ ಗಿಡ ಸಿಕ್ಕಿತು. ತೋಟದ ಮಾಲೀಕರ ಹೆಸರಲ್ಲಿ ಅದು 'ಕೆಂಟ್ಸ್' ಆಯಿತು. ಎಲ್ಲರೂ ಅದನ್ನೇ ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಬಂತು.

ಬೀಜ ಕೆಟ್ಟಿರಲಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ಡಬ್ಲ್ಯು. ಡಬ್ಲ್ಯು. ಮೇನ್ ಅವರು 1930ರ ದಶಕದಲ್ಲಿ ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಪಂಗಡಗಳಿವೆ ಅಂತ ತೋರಿಸಿದರು. ಕೆಂಟ್ಸ್‌ಗೆ ಹಳೆಯ ಪಂಗಡದ ಗುರುತು ಸಿಗುತ್ತಿತ್ತು, ಹೊಸದರದ್ದು ಸಿಗಲಿಲ್ಲ. ಆಮೇಲೆ ಅಲ್ಲೇ ತಯಾರಾಗಿ 1940ರ ದಶಕದಲ್ಲಿ ಬಂದದ್ದು ನಮ್ಮೆಲ್ಲರಿಗೂ ಗೊತ್ತಿರುವ ಎಸ್. 795. ಅದರಲ್ಲಿ ಲೈಬೀರಿಕಾ ಕಾಫಿಯಿಂದ ಬಂದ 'ಎಸ್‌ಎಚ್ 3' ಎಂಬ ನಿರೋಧಕ ಜೀನ್ ಇದೆ. ವರ್ಣತಂತುವಿನ ಆ ಭಾಗವನ್ನು ಈಚೆಗೆ ಬಿಡಿಸಿ ನೋಡಿದಾಗ ಅಲ್ಲಿ ಸಿಕ್ಕಿದ್ದು ಎನ್‌ಎಲ್‌ಆರ್ ಜಾತಿಯ ಜೀನ್‌ಗಳದೇ ಗುಂಪು.

ಎಸ್. 795ರ ನಿರೋಧವೂ ಕಾಲಕ್ರಮೇಣ ತಗ್ಗಿತು. 1980ರ ದಶಕದಲ್ಲಿ ಬಂದ ಕಾವೇರಿ ತಳಿಗೂ ಹಾಗೇ ಆಯಿತು. 2007ರಲ್ಲಿ ಚಂದ್ರಗಿರಿ ಬಂತು. ಪ್ರಪಂಚದಲ್ಲಿ ಇದುವರೆಗೆ ಈ ತುಕ್ಕಿನ 50ಕ್ಕೂ ಹೆಚ್ಚು ಪಂಗಡಗಳು ದಾಖಲಾಗಿವೆ. ಎರಡನೇ ಪ್ರಶ್ನೆಗೆ ಉತ್ತರ ಇದೇ. ತಳಿಯ ಗ್ರಾಹಕ ಮೊದಲಿನ ಹಾಗೇ ಇದೆ, ಕಳ್ಳ ವೇಷ ಬದಲಿಸಿದ್ದಾನೆ. ಒಂದೇ ತಳಿ ಊರೆಲ್ಲ ಹಬ್ಬಿದಷ್ಟೂ ವೇಷ ಬದಲಿಸಿದವನಿಗೆ ಲಾಭ ಜಾಸ್ತಿ.

ಎಲ್ಲ ಕೂಗೂ ಒಳ್ಳೆಯದಲ್ಲ

ಕೋಶ ಸಾಯಿಸಿಕೊಂಡು ಗೆಲ್ಲುವ ಉಪಾಯ ತುಕ್ಕಿಗೆ ಸರಿ. ಆದರೆ ಸತ್ತ ಭಾಗವನ್ನೇ ತಿಂದು ಬದುಕುವ ಶಿಲೀಂಧ್ರಗಳೂ ಇವೆ. ಟೊಮ್ಯಾಟೊದ ಆಲ್ಟರ್ನೇರಿಯಾ ಅಂಥದ್ದು. ಅಲ್ಲಿ ಸತ್ತ ಕೋಶ ಶತ್ರುವಿಗೆ ಊಟ.

1940ರ ದಶಕದಲ್ಲಿ ಅಮೆರಿಕದ ರೈತರು 'ವಿಕ್ಟೋರಿಯಾ' ಎಂಬ ತಳಿಯಿಂದ ಬಂದ, ತುಕ್ಕು ತಾಗದ ಓಟ್ಸ್ ತಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಬಿತ್ತಿದರು. ಅಷ್ಟರಲ್ಲಿ ಇನ್ನೊಂದು ಶಿಲೀಂಧ್ರ ಬಂತು. ಅದರ ವಿಷ, ತುಕ್ಕಿನಿಂದ ಕಾಪಾಡುವ ಆ ವ್ಯವಸ್ಥೆಯನ್ನೇ ಕೆಣಕಿ ಕೋಶಗಳು ತಾವಾಗಿ ಸಾಯುವ ಹಾಗೆ ಮಾಡುತ್ತಿತ್ತು. ತುಕ್ಕಿನಿಂದ ಉಳಿದ ಬೆಳೆ ಇದರಿಂದ ನಾಶವಾಯಿತು. "ಸರ್ವರೋಗ ನಿರೋಧಕ" ಅಂತ ಯಾವುದಾದರೂ ತಳಿಯನ್ನೋ ಡಬ್ಬಿಯನ್ನೋ ಮಾರಲು ಬಂದರೆ ಈ ಕಥೆ ನೆನಪಿರಲಿ.

ಅಡಿಕೆ ಕೊಳೆ ಬೇರೆ, ಕಾಫಿ ಕೊಳೆ ಬೇರೆ

ಮೂರನೇ ಪ್ರಶ್ನೆಗೆ ಬರೋಣ. ನಾವು ಎರಡನ್ನೂ ಕೊಳೆರೋಗ ಅಂತೀವಿ. ಕಾಫಿಯ ಕೊಳೆ ನಿಜವಾದ ಶಿಲೀಂಧ್ರದಿಂದ ಬರುತ್ತೆ. ಅಡಿಕೆ ಕೊಳೆ, ಕಾಳುಮೆಣಸಿನ ಶೀಘ್ರ ಸೊರಗು ರೋಗ ಎರಡೂ ಬರುವುದು ಫೈಟಾಫ್ತೊರಾದಿಂದ. ಅದು ನೋಡಲು ಬೂಸ್ಟಿನ ಹಾಗೇ ಇದ್ದರೂ ವಂಶ ಬೇರೆ, ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದರ ಗೋಡೆಯಲ್ಲಿ ಮುಖ್ಯವಾಗಿ ಇರೋದು ಸೆಲ್ಯುಲೋಸ್ ಮತ್ತು ಬೀಟಾ ಗ್ಲುಕಾನ್. ಕೈಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹಾಗಾಗಿ ಫೈಟಾಫ್ತೊರಾ ಬಂದಾಗ ಗಿಡದ ಕೈಟಿನ್ ಗ್ರಾಹಕ ಬೊಗಳಲ್ಲ. ಅದನ್ನು ಗುರುತಿಸಲು ಬೇರೆ ಗ್ರಾಹಕಗಳೇ ಬೇಕು. ಔಷಧಿಯ ವಿಷಯವೂ ಅಷ್ಟೇ. ಕಾರ್ಬೆಂಡಾಜಿಮ್ ಕಾಫಿ ಕೊಳೆಯ ಮೇಲೆ ಕೆಲಸ ಮಾಡುತ್ತೆ, ಫೈಟಾಫ್ತೊರಾ ಮೇಲೆ ಮಾಡಲ್ಲ. 1910ರ ಹೊತ್ತಿಗೇ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ಅಡಿಕೆ ಕೊಳೆಗೆ ಕಾರಣ ಫೈಟಾಫ್ತೊರಾ ಅಂತ ಗುರುತಿಸಿ ಬೋರ್ಡೊ ದ್ರಾವಣದ ದಾರಿ ತೋರಿಸಿದರು. ಶತಮಾನ ಕಳೆದರೂ ತಾಮ್ರದ ಆ ದ್ರಾವಣ ಇನ್ನೂ ನಿಂತಿದೆ. ಅದು ಗಿಡದ ಗುರುತಿಸುವಿಕೆಯನ್ನು ನೆಚ್ಚಿಕೊಂಡಿಲ್ಲ, ಬೀಜಕಣವನ್ನು ಕಾಯಿಯ ಹೊರಮೈಯಲ್ಲೇ ಕೊಲ್ಲುತ್ತೆ.

ಹಾಗಾದರೆ ನಾವು ಮಾಡಬೇಕಾದ್ದು

1. ಮೊದಲು ಶತ್ರು ಯಾರು ಅಂತ ಖಚಿತ ಮಾಡಿಕೊಳ್ಳಿ. ಅನುಮಾನ ಇದ್ದರೆ ರೋಗ ತಗುಲಿದ ಎಲೆ ಅಥವಾ ಕಾಯಿಯನ್ನು ಕಾಗದದಲ್ಲಿ ಸುತ್ತಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಕೊಳೆತು ಹೋಗುತ್ತೆ.

2. ಚಿಟೋಸಾನ್ ಬಳಸುವುದಾದರೆ ರೋಗ ಬರುವ ಮುಂಚೆ ಬಳಸಿ. ಮೋಡ, ಮಂಜು, ಇಬ್ಬನಿಯ ದಿನಗಳು ಶುರುವಾಗುವ ಮೊದಲು ಹೊಡೆಯಿರಿ, ಹೊಸ ಎಲೆ ಬಂದ ಹಾಗೆ ಮತ್ತೆ ಹೊಡೆಯಿರಿ. ಪ್ರಮಾಣ ಡಬ್ಬಿ ಮೇಲೆ ಬರೆದಷ್ಟೇ ಇರಲಿ. ರಕ್ಷಣೆಗೆ ಗಿಡ ತನ್ನ ಬೆಳವಣಿಗೆಯ ಶಕ್ತಿಯನ್ನೇ ಖರ್ಚು ಮಾಡುತ್ತೆ, ಸುಮ್ಮಸುಮ್ಮನೆ ಎಬ್ಬಿಸುತ್ತಾ ಇದ್ದರೆ ಇಳುವರಿಗೆ ಪೆಟ್ಟು. ಮೊದಲು ನಾಲ್ಕು ಸಾಲಿಗೆ ಹೊಡೆದು, ಪಕ್ಕದ ನಾಲ್ಕು ಸಾಲನ್ನು ಹಾಗೇ ಬಿಟ್ಟು ಹೋಲಿಸಿ ನೋಡಿ.

3. ಭತ್ತಕ್ಕೆ ಸಾರಜನಕ ಒಂದೇ ಸಲ ಸುರಿಯಬೇಡಿ. ಹೆಚ್ಚು ಸಾರಜನಕ ತಿಂದ ಗಿಡಕ್ಕೆ ಬೆಂಕಿ ರೋಗ ಬೇಗ ತಗಲುತ್ತೆ. ಯೂರಿಯಾ ಇರಲಿ, ಕೋಳಿ ಗೊಬ್ಬರ ಇರಲಿ, ಕಂತು ಮಾಡಿ ಕೊಡಿ. ಸಾವಯವ ಅಂದ ಮಾತ್ರಕ್ಕೆ ಈ ನಿಯಮದಿಂದ ವಿನಾಯಿತಿ ಇಲ್ಲ.

4. ಹುಲ್ಲು, ಭತ್ತದ ಹೊಟ್ಟಿನ ಬೂದಿ ಗದ್ದೆಗೇ ವಾಪಸ್ ಹೋಗಲಿ. ಅದರಲ್ಲಿರುವ ಸಿಲಿಕಾ ಎಲೆಯನ್ನು ಗಟ್ಟಿ ಮಾಡಿ ಬೆಂಕಿ ರೋಗ ತಗ್ಗಿಸುತ್ತೆ. ಇದು ಬಿಟ್ಟಿ ಸಿಗುವ ಗೋಡೆ.

5. ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೆ ಕೊಡಿ. 100 ಕೆಜಿ ಚೆನ್ನಾಗಿ ಕಳಿತ ಗೊಬ್ಬರಕ್ಕೆ 1 ಕೆಜಿ ಬೆರೆಸಿ, ನೆರಳಲ್ಲಿ ತೇವ ಆರದಂತೆ ಇಟ್ಟು, ಆಮೇಲೆ ಬುಡಕ್ಕೆ ಹಾಕಿ. ಬೇರಿನ ಹತ್ತಿರ ಬೆಳೆಯುವ ಈ ಸ್ನೇಹಿತ ಶಿಲೀಂಧ್ರ ಗಿಡದ ಕಾವಲನ್ನೂ ಚುರುಕಾಗಿಡುತ್ತೆ. ಅದನ್ನು ತಾಮ್ರದ ಜೊತೆ ಬೆರೆಸಬೇಡಿ, ತಾಮ್ರಕ್ಕೆ ಸ್ನೇಹಿತ ಯಾರು ಶತ್ರು ಯಾರು ಅನ್ನೋ ಭೇದ ಇಲ್ಲ.

6. ಅಡಿಕೆಗೆ ಮಳೆ ಹಿಡಿಯುವ ಮೊದಲು ಶೇ. 1ರ ಬೋರ್ಡೊ ದ್ರಾವಣ, ಅಂದ್ರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. 40–45 ದಿನಕ್ಕೆ ಇನ್ನೊಂದು ಸಲ. ಗೊನೆಗೆ ಕೊಟ್ಟೆ ಕಟ್ಟುವುದು ಸಾಧ್ಯವಿದ್ದರೆ ಅದೂ ಒಳ್ಳೆಯದೇ. ಬಸಿಗಾಲುವೆ ಸ್ವಚ್ಛವಾಗಿರಲಿ, ಉದುರಿದ ಕಾಯಿ ತೋಟದಲ್ಲಿ ಬಿಡಬೇಡಿ. ಸಾವಯವ ಪ್ರಮಾಣಪತ್ರ ಇರುವವರು ತಾಮ್ರ ಬಳಸುವ ಮುಂಚೆ ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ, ಅದಕ್ಕೆ ಮಿತಿ ಇದೆ.

7. ತಳಿಗಳನ್ನು ಬೆರೆಸಿ. ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 1998–99ರಲ್ಲಿ ಸಾವಿರಾರು ಎಕರೆಯಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಕಿ ರೋಗ ಬೇಗ ತಗಲುವ ಅಂಟಕ್ಕಿ ಭತ್ತವನ್ನು ಒಂಟಿಯಾಗಿ ಬೆಳೆಯದೆ, ನಿರೋಧಕ ಹೈಬ್ರಿಡ್ ಸಾಲುಗಳ ನಡುವೆ ಸಾಲು ಹಿಡಿದು ನೆಟ್ಟರು. ಅಂಟಕ್ಕಿ ಭತ್ತದಲ್ಲಿ ರೋಗದ ತೀವ್ರತೆ ಶೇ. 94 ಇಳಿಯಿತು, ಅದರ ಇಳುವರಿ ಶೇ. 89 ಏರಿತು. ಎರಡು ವರ್ಷ ಮುಗಿಯುವಷ್ಟರಲ್ಲಿ ಅಲ್ಲಿನ ರೈತರು ಶಿಲೀಂಧ್ರನಾಶಕ ಹೊಡೆಯುವುದನ್ನೇ ನಿಲ್ಲಿಸಿದ್ದರು. ಪಕ್ಕದ ಸಾಲಿನ ಗಿಡದಲ್ಲಿ ಬೇರೆ ಗ್ರಾಹಕ ಇದ್ದರೆ, ಇಲ್ಲಿ ವೇಷ ಮರೆಸಿದವನು ಅಲ್ಲಿ ಸಿಕ್ಕಿಬೀಳ್ತಾನೆ.

ತಳಿ ತಯಾರಕರೂ ಇದೇ ಉಪಾಯವನ್ನು ಒಂದೇ ಬೀಜದೊಳಗೆ ಮಾಡುತ್ತಿದ್ದಾರೆ. 2021ರಲ್ಲಿ ಬಂದ ಪೂಸಾ ಬಾಸ್ಮತಿ 1847ರಲ್ಲಿ ಬೆಂಕಿ ರೋಗಕ್ಕೆ ಎರಡು ಜೀನ್‌ಗಳು ಒಟ್ಟಿಗಿವೆ. ಎರಡನ್ನೂ ಒಮ್ಮೆಗೇ ತಪ್ಪಿಸಿಕೊಳ್ಳೋದು ಶಿಲೀಂಧ್ರಕ್ಕೆ ಕಷ್ಟ. ಬೀಜ ಕೊಳ್ಳುವಾಗ "ರೋಗ ತಡೆಯುತ್ತಾ?" ಅಂತ ಮಾತ್ರ ಕೇಳಬೇಡಿ, "ಯಾವ ಜೀನ್, ಎಷ್ಟು ಜೀನ್ ಇದೆ, ನಮ್ಮ ಕಡೆ ಎಷ್ಟು ವರ್ಷದಿಂದ ಬೆಳೀತಿದ್ದಾರೆ?" ಅಂತಲೂ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕೃಷಿ ವಿಶ್ವವಿದ್ಯಾಲಯದವರಿಗೆ ಗೊತ್ತಿರುತ್ತೆ.

ಈ ವಾರದ ಕೆಲಸ

ನಿಮ್ಮ ಗದ್ದೆ, ತೋಟದ ಒಂದು ಚಿಕ್ಕ ಪಟ್ಟಿ ಮಾಡಿ. ಯಾವ ತಳಿ, ಎಷ್ಟು ವರ್ಷದಿಂದ, ಮೊದಲ ಸಲ ರೋಗ ಕಂಡದ್ದು ಯಾವಾಗ, ಅಕ್ಕಪಕ್ಕದವರದ್ದೂ ಅದೇ ತಳಿಯಾ ಅಂತ ಬರೆದಿಡಿ. ಒಂದೇ ಕಾಲುವೆಯ ನೀರು ಕುಡಿಯುವ ಹತ್ತು ಜನ ಕೂತು ಈ ಪಟ್ಟಿ ಹೋಲಿಸಿ ನೋಡಿದರೆ, ಮುಂದಿನ ಹಂಗಾಮಿಗೆ ಯಾರು ಯಾವ ತಳಿ ಹಾಕಬೇಕು ಅಂತ ನಿಮಗೇ ಹೊಳೆಯುತ್ತೆ. ಡಬ್ಬಿಯಲ್ಲಿ ಸಿಗದ ರೋಗನಿರೋಧಕ ಶಕ್ತಿ ಅಂದ್ರೆ ಅದೇ.

ಪ್ರಶ್ನೆಗಳಿದ್ದರೆ ಬರೆಯಿರಿ. ಮುಂದಿನ ವಾರ ಸಿಗೋಣ.